ದುಡ್ಡು ಕೊಟ್ಟು ಟ್ರ್ಯಾಕಿಂಗ್ ಆ್ಯಪ್ ಹಾಕಬೇಕಾ, ಫೋನಿನಲ್ಲೇ ಇರುವ ಫೈಂಡ್ ಹಬ್, ಫೈಂಡ್ ಮೈ ಸಾಕಾ?

ತುಂಗಾತೀರ — ಶನಿವಾರ ಬೆಳಿಗ್ಗೆ 8:40

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನಮ್ಮದು ಶಿವಮೊಗ್ಗ. ಮನೆಯಲ್ಲಿ ನಾಲ್ಕು ಫೋನ್. ನನ್ನದು, ಹೆಂಡತಿಯದು ಆಂಡ್ರಾಯ್ಡ್. ಮಗಳು ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ, ಅವಳದು ಐಫೋನ್. ಅಪ್ಪನದು ಹಳೇ ಆಂಡ್ರಾಯ್ಡ್. ಅಪ್ಪನಿಗೆ ಈಚೆಗೆ ಮರೆವು ಜಾಸ್ತಿ. ವಾಕಿಂಗ್ ಹೋದವರು ಇನ್ಯಾವುದೋ ಬಡಾವಣೆಗೆ ಹೋಗಿ ನಿಂತಿರುತ್ತಾರೆ.

ಆಫೀಸಿನಲ್ಲಿ ಒಬ್ಬರು ಫ್ಯಾಮಿಲಿ ಟ್ರ್ಯಾಕಿಂಗ್ ಆ್ಯಪ್ ಹಾಕಿಕೊಳ್ಳಿ, ವರ್ಷಕ್ಕೊಂದು ಸಲ ದುಡ್ಡು ಕಟ್ಟಿದರೆ ಎಲ್ಲರೂ ಒಂದೇ ಮ್ಯಾಪಿನಲ್ಲಿ ಕಾಣುತ್ತಾರೆ ಅಂದರು. ಇನ್ನೊಬ್ಬರು, ಫೋನಿನಲ್ಲೇ ಎಲ್ಲ ಇದೆ, ಸುಮ್ನೆ ದುಡ್ಡು ದಂಡ ಅನ್ನುತ್ತಾರೆ. ಫೋನ್ ಕಳುವಾದರೂ ಕೆಲಸಕ್ಕೆ ಬರಬೇಕು, ಮನೆಯವರು ಎಲ್ಲಿದ್ದಾರೆ ಅಂತಲೂ ಗೊತ್ತಾಗಬೇಕು. ಬಳಸಿ ನೋಡಿದವರು ಹೇಳಿ.

ಸೆಟ್ಟಿಂಗ್ಸ್_ಸಾವಿತ್ರಿ — ಶನಿವಾರ 9:15

ಸಾರ್, ಕಳೆದ ಫೋನ್ ಹುಡುಕುವುದು ಒಂದು ಕೆಲಸ, ಮನೆಯವರು ಎಲ್ಲಿದ್ದಾರೆ ಅಂತ ನೋಡುವುದು ಇನ್ನೊಂದು ಕೆಲಸ. ಎರಡಕ್ಕೂ ಒಂದೇ ಆ್ಯಪ್ ಬೇಕು ಅಂತ ಹೊರಟರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಕಳೆದ ಫೋನಿನ ವಿಷಯದಲ್ಲಿ ಫೋನಿನ ಜೊತೆಗೇ ಬರುವ ಸೇವೆಯನ್ನು ಹೊರಗಿನ ಆ್ಯಪ್‌ಗಳು ಮೀರಿಸುವುದು ಕಷ್ಟ. ನಾವು ಇಳಿಸಿಕೊಂಡ ಆ್ಯಪ್ ಮೊದಲು ಜಾಗ ಪತ್ತೆ ಮಾಡಿಕೊಳ್ಳಬೇಕು, ಆಮೇಲೆ ಇಂಟರ್ನೆಟ್ ಮೂಲಕ ತನ್ನ ಸರ್ವರಿಗೆ ಹೇಳಬೇಕು. ಕಳ್ಳ ಡೇಟಾ ಆಫ್ ಮಾಡಿದ ಅಥವಾ ಸಿಮ್ ತೆಗೆದ ಅಂದರೆ ಅಲ್ಲಿಗೆ ಮುಗಿಯಿತು.

ಆಪಲ್‌ನ ಫೈಂಡ್ ಮೈ ಹಾಗಲ್ಲ. 2019ರಲ್ಲಿ ಬಂದ ಐಒಎಸ್ 13ರಿಂದ, ಇಂಟರ್ನೆಟ್ ಇಲ್ಲದ ಐಫೋನ್ ಕೂಡ ಬ್ಲೂಟೂತ್‌ನಲ್ಲಿ ಸಣ್ಣ ಸಿಗ್ನಲ್ ಬಿಡುತ್ತಿರುತ್ತದೆ. ಪಕ್ಕದಲ್ಲಿ ಹಾದುಹೋಗುವ ಯಾರದೋ ಐಫೋನ್ ಅದನ್ನು ಹಿಡಿದು, ತಾನಿರುವ ಜಾಗವನ್ನು ಎನ್‌ಕ್ರಿಪ್ಟ್ ಮಾಡಿ ಆಪಲ್‌ಗೆ ಕಳಿಸುತ್ತದೆ. ಆ ದಾರಿಹೋಕರಿಗೆ ಏನೂ ಗೊತ್ತಾಗುವುದಿಲ್ಲ. ಆಪಲ್‌ಗೂ ಓದಲು ಆಗುವುದಿಲ್ಲ, ಅದನ್ನು ಬಿಚ್ಚುವ ಕೀ ಇರುವುದು ನಿಮ್ಮ ಡಿವೈಸ್‌ಗಳಲ್ಲಿ ಮಾತ್ರ. 2021ರ ಐಒಎಸ್ 15ರ ನಂತರ, ಐಫೋನ್ 11ರಿಂದ ಈಚೆಗಿನ ಹೆಚ್ಚಿನ ಮಾಡೆಲ್‌ಗಳು ಸ್ವಿಚ್ ಆಫ್ ಆದಮೇಲೂ ಕೆಲಹೊತ್ತು ಹೀಗೆ ಸಿಗ್ನಲ್ ಬಿಡುತ್ತವೆ.

ಗೂಗಲ್‌ನದು 2013ರಲ್ಲಿ ಆಂಡ್ರಾಯ್ಡ್ ಡಿವೈಸ್ ಮ್ಯಾನೇಜರ್ ಅಂತ ಶುರುವಾಯಿತು, 2017ರಲ್ಲಿ ಫೈಂಡ್ ಮೈ ಡಿವೈಸ್ ಆಯಿತು, 2025ರಲ್ಲಿ ಫೈಂಡ್ ಹಬ್ ಆಯಿತು. ಹೆಸರು ಬದಲಾಯಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ! ಬ್ಲೂಟೂತ್ ಜಾಲ ಅವರಿಗೆ ಬಂದದ್ದು 2024ರಲ್ಲಿ. ಆಂಡ್ರಾಯ್ಡ್ 9 ಅಥವಾ ಅದಕ್ಕಿಂತ ಹೊಸದಿರಬೇಕು. ಆಫ್ ಆದಮೇಲೂ ಸಿಗುವ ಸೌಲಭ್ಯ ಪಿಕ್ಸೆಲ್ 8ರಿಂದ ಈಚೆಗಿನ ಪಿಕ್ಸೆಲ್‌ಗಳಲ್ಲಿದೆ, ಎಲ್ಲ ಆಂಡ್ರಾಯ್ಡ್‌ನಲ್ಲೂ ಇದೆ ಅಂದುಕೊಳ್ಳಬೇಡಿ. ಸ್ಯಾಮ್ಸಂಗ್‌ಗೆ 2020ರಿಂದ ಅವರದೇ ಸ್ಮಾರ್ಟ್‌ಥಿಂಗ್ಸ್ ಫೈಂಡ್ ಬೇರೆ ಇದೆ. ಸ್ಯಾಮ್ಸಂಗ್ ಇಟ್ಟುಕೊಂಡವರು ಎರಡನ್ನೂ ಆನ್ ಮಾಡಿಡಬಹುದು, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಮನೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ, ಕುಕ್ಕರ್ ಕೂಗುತ್ತಿದೆ.

ಫ್ಯಾಮಿಲಿ_ಸರ್ಕಲ್ — ಶನಿವಾರ 10:02

ದುಡ್ಡು ದಂಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಇಂಥ ಆ್ಯಪ್ ಇದೆ. ಮಗ ಟ್ಯೂಷನ್ ತಲುಪಿದರೆ ಮೆಸೇಜ್ ಬರುತ್ತದೆ, ಅಲ್ಲಿಂದ ಹೊರಟರೆ ಮೆಸೇಜ್ ಬರುತ್ತದೆ. ಇವತ್ತು ಯಾವ ದಾರಿಯಲ್ಲಿ ಹೋದ ಅಂತ ಗೆರೆ ಎಳೆದು ತೋರಿಸುತ್ತದೆ. ಗಾಡಿ ಜೋರಾಗಿ ಓಡಿಸಿದರೆ ಅದನ್ನೂ ಹೇಳುತ್ತದೆ. ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ನಡೆಯುತ್ತದೆ. ಫೈಂಡ್ ಮೈಯಲ್ಲಿ ಜನರನ್ನು ನೋಡಬೇಕಾದರೆ ಎಲ್ಲರ ಹತ್ತಿರವೂ ಆಪಲ್ ಇರಬೇಕು. ತುಂಗಾತೀರ ಅವರ ಮನೆಯಲ್ಲಿ ಎರಡೂ ಥರದ ಫೋನ್ ಇದೆ, ಅವರೇನು ಮಾಡಬೇಕು ಹೇಳಿ ನೋಡೋಣ?

ಬ್ಯಾಟರಿ_ಭಟ್ — ಶನಿವಾರ 10:31

ಎರಡೂ ಥರದ ಫೋನ್ ಇರುವ ಮನೆಗೆ ಗೂಗಲ್ ಮ್ಯಾಪ್ಸ್ ಲೊಕೇಶನ್ ಶೇರಿಂಗ್ ಇದೆಯಲ್ಲ. 2017ರಿಂದ ಇದೆ, ಪುಕ್ಕಟೆ. ಐಫೋನಿನಲ್ಲೂ ಮ್ಯಾಪ್ಸ್ ಹಾಕಿಕೊಂಡರೆ ಆಯಿತು. ಒಂದು ಗಂಟೆಗೆ ಕೊಡಬಹುದು ಅಥವಾ ನಾನೇ ನಿಲ್ಲಿಸುವವರೆಗೆ ಅಂತ ಕೊಡಬಹುದು. ಎದುರಿನವರ ಫೋನಿನಲ್ಲಿ ಎಷ್ಟು ಪರ್ಸೆಂಟ್ ಚಾರ್ಜ್ ಇದೆ ಅಂತಲೂ ತೋರಿಸುತ್ತದೆ. ಫೋನ್ ಎತ್ತದಿದ್ದಾಗ ಜಗಳ ತಪ್ಪಿಸಲು ಅದೊಂದೇ ಸಾಕು. ತಲುಪಿದರು, ಹೊರಟರು ಅಂತ ಅಲರ್ಟ್ ಅದರಲ್ಲೂ ಇದೆ, ಆಪಲ್‌ನಲ್ಲೂ ಇದೆ. ಗಾಡಿಯ ಸ್ಪೀಡ್, ದಾರಿಯ ಗೆರೆ ಇವು ಮಾತ್ರ ದುಡ್ಡಿನ ಆ್ಯಪ್‌ಗಳ ಹೆಚ್ಚುಗಾರಿಕೆ, ಒಪ್ಪುತ್ತೇನೆ.

ಆದರೆ ಹೊರಗಿನ ಆ್ಯಪ್‌ಗಳಿಗೆ ಒಂದು ದೊಡ್ಡ ತೊಂದರೆ ಇದೆ. 2019ರ ಆಂಡ್ರಾಯ್ಡ್ 10ರಿಂದ ಲೊಕೇಶನ್ ಅನುಮತಿ ಎರಡು ಬಗೆ: ಆ್ಯಪ್ ಬಳಸುವಾಗ ಮಾತ್ರ, ಇಲ್ಲವೇ ಯಾವಾಗಲೂ. ಆಂಡ್ರಾಯ್ಡ್ 11ರಲ್ಲಿ ‘ಯಾವಾಗಲೂ’ ಅನ್ನುವುದನ್ನು ಸೆಟ್ಟಿಂಗ್ಸ್ ಒಳಗೆ ಹೋಗಿ ನಾವೇ ಒತ್ತಬೇಕು. ಅದಾದಮೇಲೆ ಬ್ಯಾಟರಿ ಉಳಿಸುವ ವ್ಯವಸ್ಥೆ ಬೇರೆ. ಶಿಯೋಮಿ, ವಿವೋ, ಒಪ್ಪೋ, ರಿಯಲ್‌ಮಿ ಫೋನುಗಳಲ್ಲಿ ಆಟೋಸ್ಟಾರ್ಟ್ ಅಥವಾ ಅಂಥದ್ದೇ ಹೆಸರಿನ ಸೆಟ್ಟಿಂಗ್ ಇರುತ್ತದೆ. ಅದನ್ನು ಆನ್ ಮಾಡದಿದ್ದರೆ ಹಿನ್ನೆಲೆಯಲ್ಲಿ ಓಡುವ ಆ್ಯಪ್ಪನ್ನು ಫೋನೇ ನಿಲ್ಲಿಸಿಬಿಡುತ್ತದೆ. ಅಪ್ಪ ಮಾರ್ಕೆಟ್ಟಿನಲ್ಲಿದ್ದಾರೆ ಅಂತ ಮ್ಯಾಪ್ ತೋರಿಸುತ್ತಿರುತ್ತದೆ, ಅವರು ಮನೆಗೆ ಬಂದು ಊಟ ಮುಗಿಸಿ ಮಲಗಿರುತ್ತಾರೆ. ನಮ್ಮ ಪಕ್ಕದ ಮನೆಯವರು ಇದೇ ಕಾರಣಕ್ಕೆ ಒಂದು ಆ್ಯಪ್‌ನವರ ಹತ್ತಿರ ದುಡ್ಡು ವಾಪಸ್ ಕೇಳಿದರು. ‘ನಿಮ್ಮ ಫೋನಿನ ದೋಷ’ ಅಂತ ಉತ್ತರ ಬಂತು. ಒಂದು ಲೆಕ್ಕಕ್ಕೆ ಅವರು ಹೇಳಿದ್ದೂ ಸರಿಯೇ!

ಇನ್ನೊಂದು ವಿಷಯ, ನಮ್ಮ ಲೊಕೇಶನ್ ಎಲ್ಲಿಗೆ ಹೋಗುತ್ತದೆ ಅನ್ನುವುದು. ಲೈಫ್360 ಈ ಥರದ ಆ್ಯಪ್‌ಗಳಲ್ಲೇ ದೊಡ್ಡ ಹೆಸರು. ಬಳಸುವವರ ಲೊಕೇಶನ್ನನ್ನು ಅವರು ಡೇಟಾ ವ್ಯಾಪಾರಿಗಳಿಗೆ ಮಾರುತ್ತಿದ್ದಾರೆ ಅಂತ 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಸುದ್ದಿತಾಣ ದಿ ಮಾರ್ಕಪ್ ವರದಿ ಮಾಡಿತು. ಮುಂದಿನ ವರ್ಷ ಕಂಪನಿಯವರು ನಿಖರ ಲೊಕೇಶನ್ ಮಾರುವುದನ್ನು ಬಹುಪಾಲು ನಿಲ್ಲಿಸುವುದಾಗಿ ಹೇಳಿದರು. ಅಷ್ಟು ಹೆಸರಿರುವವರ ಕಥೆಯೇ ಹೀಗಾದರೆ, ‘ನಂಬರ್ ಹಾಕಿ, ಯಾರ ಲೊಕೇಶನ್ ಬೇಕಾದರೂ ನೋಡಿ’ ಅಂತ ಜಾಹೀರಾತು ಕೊಡುವ ಆ್ಯಪ್‌ಗಳ ಬಗ್ಗೆ ಹೇಳುವುದೇ ಬೇಡ. ಬರೀ ನಂಬರ್ ಹಾಕಿದರೆ ಲೊಕೇಶನ್ ತೋರಿಸಲು ಯಾವ ಆ್ಯಪ್‌ಗೂ ಸಾಧ್ಯವಿಲ್ಲ. ಟವರ್ ಮಾಹಿತಿ ಇರುವುದು ಟೆಲಿಕಾಂ ಕಂಪನಿಯ ಹತ್ತಿರ, ಅದನ್ನು ಪೊಲೀಸರು ಕಾನೂನಿನ ಪ್ರಕಾರ ಕೇಳಿ ಪಡೆಯುತ್ತಾರೆ.

ಎಸ್‌ಪಿ_ರೋಡ್_ಸೀನ — ಶನಿವಾರ 11:20

ಫೋನ್ ರಿಪೇರಿ ಕೆಲಸದವನು ನಾನು. ಮ್ಯಾಪಿನ ಬಗ್ಗೆ ಎಲ್ಲರೂ ಮಾತಾಡುತ್ತೀರಿ, ಬೀಗದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಕಳ್ಳನಿಗೆ ತೊಂದರೆ ಕೊಡುವುದು ಬೀಗ.

ಐಫೋನಿನಲ್ಲಿ ಫೈಂಡ್ ಮೈ ಆನ್ ಇದ್ದರೆ ಆ್ಯಕ್ಟಿವೇಶನ್ ಲಾಕ್ ತಾನಾಗೇ ಇರುತ್ತದೆ, 2013ರ ಐಒಎಸ್ 7ರಿಂದಲೂ. ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದರೂ ಹಳೇ ಮಾಲೀಕರ ಪಾಸ್‌ವರ್ಡ್ ಕೇಳುತ್ತದೆ. ಹಾಗಾಗಿ ಕದ್ದ ಐಫೋನ್ ಹೆಚ್ಚಾಗಿ ಬಿಚ್ಚಿ ಬಿಡಿಭಾಗವಾಗಿ ಹೋಗುತ್ತದೆ. 2024ರ ಐಒಎಸ್ 18ರಿಂದ ಬಿಡಿಭಾಗಗಳಿಗೂ ಆ ಲಾಕ್ ಬಂದಿದೆ. ಆಂಡ್ರಾಯ್ಡ್‌ನಲ್ಲಿ ಇದೇ ಥರದ್ದು ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್. ಗೂಗಲ್ ಅಕೌಂಟ್ ಮತ್ತು ಸ್ಕ್ರೀನ್ ಲಾಕ್ ಎರಡೂ ಇದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಪಿನ್ ಹಾಕದೆ ಸ್ವೈಪ್ ಮಾಡಿ ತೆಗೆಯುವ ಫೋನ್ ಎಷ್ಟು ಬರುತ್ತವೆ ಗೊತ್ತಾ? ಹೆಚ್ಚಿನವು ಅಪ್ಪ ಅಮ್ಮಂದಿರ ಫೋನೇ.

ಯಾವ ಟ್ರ್ಯಾಕಿಂಗ್ ಆ್ಯಪ್ಪೂ ಈ ಕೆಲಸ ಮಾಡುವುದಿಲ್ಲ. ರೀಸೆಟ್ ಮಾಡಿದ ತಕ್ಷಣ ಅದು ಫೋನಿನಿಂದಲೇ ಹೋಗುತ್ತದೆ.

ಫೋನ್ ಕಳೆದುಕೊಂಡವರಿಗೆ ಒಂದು ಎಚ್ಚರಿಕೆ. ಕೆಲವು ದಿನ ಬಿಟ್ಟು ‘ನಿಮ್ಮ ಐಫೋನ್ ಸಿಕ್ಕಿದೆ, ಜಾಗ ನೋಡಲು ಇಲ್ಲಿ ಒತ್ತಿ’ ಅಂತ ಮೆಸೇಜ್ ಬರಬಹುದು. ಒತ್ತಿದರೆ ಆಪಲ್‌ನದೇ ಥರ ಕಾಣುವ ಪುಟ, ಪಾಸ್‌ವರ್ಡ್ ಕೇಳುತ್ತದೆ. ಅದು ಕಳ್ಳರ ಕಡೆಯವರದು. ಪಾಸ್‌ವರ್ಡ್ ಕೊಟ್ಟರೆ ಲಾಕ್ ತೆಗೆದು ಪೂರ್ತಿ ಬೆಲೆಗೆ ಮಾರುತ್ತಾರೆ. ‘ನಿಮ್ಮ ಅಕೌಂಟಿನಿಂದ ಆ ಫೋನ್ ತೆಗೆದುಬಿಡಿ’ ಅಂತ ಕೇಳಿಕೊಳ್ಳುವವರೂ ಇದ್ದಾರೆ. ಫೋನಿನಲ್ಲಿರುವುದನ್ನು ದೂರದಿಂದ ಅಳಿಸಿದರೂ ಪರವಾಗಿಲ್ಲ, ಅಕೌಂಟಿನಿಂದ ಮಾತ್ರ ತೆಗೆಯಬೇಡಿ.

ತುಂಗಾತೀರ — ಶನಿವಾರ 12:05

ಸೀನಣ್ಣ, ಅಪ್ಪನ ಫೋನಿಗೆ ಪಿನ್ ಇಲ್ಲ. ಹಾಕಿದರೆ ಮರೆತುಬಿಡುತ್ತಾರೆ.

ಎಸ್‌ಪಿ_ರೋಡ್_ಸೀನ — ಶನಿವಾರ 12:18

ಬೆರಳಚ್ಚು ಹಾಕಿಸಿ ಸಾರ್. ಪಿನ್ ನಿಮಗೆ ಗೊತ್ತಿದ್ದರೆ ಸಾಕು. ವಯಸ್ಸಾದವರ ಬೆರಳು ಕೆಲವೊಮ್ಮೆ ಹಿಡಿಯುವುದಿಲ್ಲ, ಒಂದೇ ಹೆಬ್ಬೆರಳನ್ನು ಎರಡು ಸಲ ಬೇರೆ ಬೇರೆ ಕೋನದಲ್ಲಿ ಸೇರಿಸಿ. ಫೋನ್ ಆಫ್ ಮಾಡಿ ಆನ್ ಮಾಡಿದಾಗ ಪಿನ್ ಬೇಕೇ ಬೇಕು, ಮಧ್ಯೆ ಆಗಾಗಲೂ ಕೇಳುತ್ತದೆ.

ಅಡಿಕೆ_ತೋಟ — ಶನಿವಾರ 1:40

ಸಾವಿತ್ರಿ ಅಕ್ಕ ಹೇಳಿದ ಬ್ಲೂಟೂತ್ ಜಾಲ ಬೆಂಗಳೂರಿಗೆ ಸರಿ. ನಮ್ಮ ಶಿರಸಿ ಕಡೆ ತೋಟದಲ್ಲಿ ಫೋನ್ ಬಿದ್ದರೆ ಪಕ್ಕದಲ್ಲಿ ಹಾದುಹೋಗುವವರು ಯಾರು? ಮಂಗ, ಕೆಂಜಳಿಲು. ಅವುಗಳ ಹತ್ತಿರ ಐಫೋನ್ ಇಲ್ಲ.

ತಮಾಷೆ ಬಿಡಿ. ಫೈಂಡ್ ಹಬ್‌ನಲ್ಲಿ ಒಂದು ಸೆಟ್ಟಿಂಗ್ ಇದೆ, ಯಾರೂ ನೋಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಫೈಂಡ್ ಹಬ್, ಅದರೊಳಗೆ ಆಫ್‌ಲೈನ್ ಡಿವೈಸ್ ಹುಡುಕುವುದು ಅಂತ ಇರುತ್ತದೆ. ಮೊದಲಿನಿಂದ ‘ಜನಸಂಚಾರ ಹೆಚ್ಚಿರುವ ಜಾಗಗಳಲ್ಲಿ ಮಾತ್ರ’ ಅಂತ ಇಟ್ಟಿರುತ್ತಾರೆ. ಅಂದರೆ ಹಲವು ಫೋನುಗಳು ಒಂದೇ ಸಾಧನವನ್ನು ಕಂಡಾಗ ಮಾತ್ರ ಜಾಗ ಹೇಳುತ್ತದೆ. ಗೌಪ್ಯತೆಗೆ ಅದು ಒಳ್ಳೆಯದೇ. ಹಳ್ಳಿಯಲ್ಲಿ ಅದರಿಂದ ಏನೂ ಉಪಯೋಗವಿಲ್ಲ. ‘ಎಲ್ಲ ಜಾಗಗಳಲ್ಲಿ’ ಅಂತ ಮಾಡಿಕೊಳ್ಳಿ, ಮನೆಯವರದೂ ಮಾಡಿಸಿ. ನಾವು ಮಾಡಿದರೆ ಬೇರೆಯವರ ಫೋನ್ ಸಿಗುತ್ತದೆ, ಅವರು ಮಾಡಿದರೆ ನಮ್ಮದು.

ಸಿಗ್ನಲ್ ಇಲ್ಲದ ಕಡೆ ದುಡ್ಡಿನ ಆ್ಯಪ್ಪೂ ಅಷ್ಟೇ, ಕೊನೆಗೆ ಕಂಡ ಜಾಗ ತೋರಿಸಿ ಸುಮ್ಮನಾಗುತ್ತದೆ.

ಬೈಟು_ಕಾಫಿ — ಶನಿವಾರ 3:10

ಫೋನ್ ಕಳೆದ ತಕ್ಷಣ ಮೊದಲು ಸಿಮ್ ಬ್ಲಾಕ್ ಮಾಡಿಸಬೇಕು. ಯುಪಿಐ, ಓಟಿಪಿ ಎಲ್ಲ ಅದರಲ್ಲೇ ಇರುವುದು. ಲೊಕೇಶನ್ ನೋಡುತ್ತಾ ಕೂತರೆ ಅಕೌಂಟ್ ಖಾಲಿ.

ಸೆಟ್ಟಿಂಗ್ಸ್_ಸಾವಿತ್ರಿ — ಶನಿವಾರ 3:48

ಇಲ್ಲಿ ಸ್ವಲ್ಪ ತಡೆಯಿರಿ. ಸಿಮ್ ಬ್ಲಾಕ್ ಆದ ಕ್ಷಣದಿಂದ ಫೋನಿಗೆ ಡೇಟಾ ಇಲ್ಲ. ಆಮೇಲೆ ನೀವು ಕಳಿಸುವ ಲಾಕ್ ಮಾಡು, ಅಳಿಸು ಅನ್ನುವ ಆದೇಶ ಅದಕ್ಕೆ ತಲುಪುವುದಿಲ್ಲ. ಹಾಗಾಗಿ ಪಕ್ಕದಲ್ಲಿರುವವರ ಫೋನ್ ಇಸಿದುಕೊಂಡು ಮೊದಲು ಲಾಕ್ ಮಾಡಿ. ಆಪಲ್‌ನಲ್ಲಾದರೆ ಲಾಸ್ಟ್ ಮೋಡ್. ಸ್ಕ್ರೀನಿನ ಮೇಲೆ ಬೇರೆ ನಂಬರ್ ಕಾಣುವ ಹಾಗೆ ಹಾಕಿ. ಆಮೇಲೆ ಸಿಮ್ ಬ್ಲಾಕ್, ಬ್ಯಾಂಕಿಗೆ ಫೋನ್. ದುಡ್ಡು ಹೋಗಿದೆ ಅಂತ ಕಂಡರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930. ಫೋನ್ ಅನ್‌ಲಾಕ್ ಆಗಿದ್ದಾಗಲೇ ಕೈಯಿಂದ ಕಿತ್ತುಕೊಂಡು ಹೋಗಿದ್ದರೆ ಮಾತ್ರ ಬೈಟು ಅವರು ಹೇಳಿದ್ದೂ ಸರಿ, ಒಬ್ಬರು ಲಾಕ್ ಮಾಡುವಾಗ ಇನ್ನೊಬ್ಬರು ಸಿಮ್‌ಗೆ ಫೋನ್ ಮಾಡಿ.

ಸಿಮ್ಮಿಗೇ ಒಂದು ಪಿನ್ ಹಾಕಬಹುದು, ಇದು ತುಂಬ ಜನಕ್ಕೆ ಗೊತ್ತಿಲ್ಲ. ಆಗ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೂ ಓಟಿಪಿ ಬರುವುದಿಲ್ಲ. ಮೂರು ಸಲ ತಪ್ಪಿದರೆ ಸಿಮ್ ಬಿಚ್ಚಲು ಪಿಯುಕೆ ಅನ್ನುವ ಇನ್ನೊಂದು ಕೋಡ್ ಕೇಳುತ್ತದೆ, ಆದ್ದರಿಂದ ಪಿನ್ ಬರೆದಿಟ್ಟುಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಫೋನ್ ಕಳೆದಮೇಲೆ ನಿಮ್ಮ ಗೂಗಲ್ ಅಕೌಂಟಿಗೆ ಹೇಗೆ ಲಾಗಿನ್ ಆಗುತ್ತೀರಿ? ಪಾಸ್‌ವರ್ಡ್ ಆದಮೇಲೆ ಇನ್ನೊಂದು ಖಾತ್ರಿ ಕೇಳುವ ಟೂ ಸ್ಟೆಪ್ ಆನ್ ಇರುತ್ತದೆ. ಅದು ‘ನಿಮ್ಮ ಫೋನಿಗೆ ಬಂದ ಸಂದೇಶ ಒತ್ತಿ’ ಅನ್ನುತ್ತದೆ. ಆ ಫೋನ್ ಕಳ್ಳನ ಜೇಬಿನಲ್ಲಿದೆ! ಓಟಿಪಿ ಬರಲಿ ಅಂದರೆ ಸಿಮ್ಮೂ ಅಲ್ಲೇ. ಡೂಪ್ಲಿಕೇಟ್ ಸಿಮ್ ತಂದರೂ ಮೊದಲ 24 ಗಂಟೆ ಎಸ್ಎಂಎಸ್ ಬರುವುದಿಲ್ಲ, ನಮ್ಮ ನಂಬರಿನ ಸಿಮ್ಮನ್ನು ಬೇರೆಯವರು ತೆಗೆದುಕೊಳ್ಳುವ ಸಿಮ್ ಸ್ವಾಪ್ ಮೋಸ ತಡೆಯಲು ಮಾಡಿರುವ ನಿಯಮ ಅದು. ಫೈಂಡ್ ಹಬ್ ಇದ್ದೂ ಉಪಯೋಗಕ್ಕೆ ಬರದೇ ಹೋಗುವುದು ಇಲ್ಲೇ.

ಇದಕ್ಕೆ ಇವತ್ತೇ ಮಾಡಬೇಕಾದ್ದು: ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ ಬ್ಯಾಕಪ್ ಕೋಡ್ ತೆಗೆದುಕೊಳ್ಳಿ. ಹತ್ತು ಕೋಡ್ ಕೊಡುತ್ತದೆ, ಒಂದೊಂದು ಒಂದೇ ಸಲಕ್ಕೆ. ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ, ಒಂದೆರಡನ್ನು ಪರ್ಸಿನಲ್ಲಿ. ಫೋನಿನ ಗ್ಯಾಲರಿಯಲ್ಲಿ ಫೋಟೋ ತೆಗೆದಿಟ್ಟರೆ ಏನು ಬಂತು? ಮನೆಯವರ ಫೋನಿನಲ್ಲಿ ಫೈಂಡ್ ಹಬ್ ಆ್ಯಪ್ ಇದ್ದರೆ ಗೆಸ್ಟ್ ಆಗಿ ಸೈನ್ ಇನ್ ಆಗಬಹುದು. ಇನ್ನೊಂದು ದಾರಿ ಗೂಗಲ್‌ನ ರಿಮೋಟ್ ಲಾಕ್. ಆಂಡ್ರಾಯ್ಡ್ ಡಾಟ್ ಕಾಮ್ ತಾಣದ ಲಾಕ್ ಪುಟಕ್ಕೆ ಹೋಗಿ ಬರೀ ಫೋನ್ ನಂಬರ್ ಹಾಕಿದರೆ ಲಾಕ್ ಆಗುತ್ತದೆ, ಪಾಸ್‌ವರ್ಡ್ ಬೇಡ. ಆಂಡ್ರಾಯ್ಡ್ 10 ಅಥವಾ ಮೇಲಿನದು ಇರಬೇಕು, ಮೊದಲೇ ಆನ್ ಮಾಡಿರಬೇಕು, ಫೋನಿಗೆ ಆಗ ಇಂಟರ್ನೆಟ್ ಇರಬೇಕು. ಆಪಲ್‌ನವರು ಇದನ್ನು ಮೊದಲೇ ಯೋಚಿಸಿದ್ದಾರೆ. ಐಕ್ಲೌಡ್ ಡಾಟ್ ಕಾಮ್‌ನಲ್ಲಿ ಫೈಂಡ್ ಡಿವೈಸಸ್ ತೆರೆಯಲು ಟೂ ಸ್ಟೆಪ್‌ನ ಆರಂಕಿಯ ಕೋಡ್ ಬೇಡ, ಪಾಸ್‌ವರ್ಡ್ ಸಾಕು.

ಬ್ಯಾಟರಿ_ಭಟ್ — ಶನಿವಾರ 4:20

ಇದರ ಜೊತೆಗೆ ಒಂದು. ಲಾಕ್ ಆಗಿರುವ ಸ್ಕ್ರೀನಿನಲ್ಲೇ ಮೇಲಿಂದ ಎಳೆದು ಏರೋಪ್ಲೇನ್ ಮೋಡ್ ಒತ್ತಬಹುದು. ಐಫೋನಿನಲ್ಲಿ ಫೇಸ್ ಐಡಿ ಸೆಟ್ಟಿಂಗಿಗೆ ಹೋಗಿ, ಲಾಕ್ ಆಗಿದ್ದಾಗ ಕಂಟ್ರೋಲ್ ಸೆಂಟರ್ ಬೇಡ ಅಂತ ಮಾಡಿ. ಸ್ಯಾಮ್ಸಂಗ್‌ನಲ್ಲಿ ಲಾಕ್ ಸ್ಕ್ರೀನ್ ಸೆಟ್ಟಿಂಗಿನ ಒಳಗೆ ನೆಟ್‌ವರ್ಕ್ ಮತ್ತು ಸೆಕ್ಯುರಿಟಿ ಲಾಕ್ ಮಾಡುವುದು ಅಂತ ಇದೆ.

ಧಾರವಾಡ_ವಕೀಲ — ಶನಿವಾರ ಸಂಜೆ 6:30

ನೋಡ್ರಿ, ಮ್ಯಾಪಿನ ಮೇಲೆ ಚುಕ್ಕೆ ಕಂಡಿತು ಅಂತ ಯಾರೂ ತಾವೇ ಹೋಗಿ ಬಾಗಿಲು ಬಡಿಯಬೇಡಿ. ಬಯಲಿನಲ್ಲಿ ಜಿಪಿಎಸ್ ಐದಾರು ಮೀಟರ್ ಸರಿಯಾಗಿ ತೋರಿಸಬಹುದು. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ಅದು ಯಾರ ಮನೆ, ಯಾವ ಮಹಡಿ ಅಂತ ಹೇಳಲು ಆಗುವುದಿಲ್ಲ. ತಪ್ಪು ಮನೆಗೆ ನುಗ್ಗಿದರೆ ಕೇಸು ನಿಮ್ಮ ಮೇಲೇ ಬೀಳುತ್ತದೆ. ಸ್ಕ್ರೀನ್‌ಶಾಟ್ ತೆಗೆದುಕೊಂಡು ಸ್ಟೇಷನ್ನಿಗೆ ಹೋಗಿ.

ಕರ್ನಾಟಕ ಪೊಲೀಸರ ಆನ್‌ಲೈನ್ ಸೇವೆ ಇ-ಲಾಸ್ಟ್ ಇರುವುದು ಕಳೆದುಹೋದ ವಸ್ತುವಿಗೆ. ಕಳವಾಗಿದ್ದರೆ ದೂರು ಕೊಡಿ. ದೂರಿನ ಪ್ರತಿ, ಖರೀದಿ ಬಿಲ್, ಗುರುತಿನ ಚೀಟಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ, ಸಿಇಐಆರ್ ಅನ್ನುವ ವಿಭಾಗದಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್, ಬ್ಲಾಕ್ ಮಾಡಿಸಬಹುದು. 2023ರ ಮೇ ತಿಂಗಳಿಂದ ಇದು ದೇಶಕ್ಕೆಲ್ಲ ಇದೆ. ಬ್ಲಾಕ್ ಆದಮೇಲೆ ಯಾವ ಸಿಮ್ ಹಾಕಿದರೂ ಆ ಫೋನ್ ಇಲ್ಲಿನ ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ, ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಫೈಂಡ್ ಹಬ್‌ನಿಂದ ಸಿಗದ ಫೋನು ತಿಂಗಳುಗಟ್ಟಲೆ ಆದಮೇಲೆ ಈ ದಾರಿಯಲ್ಲಿ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಸಿಕ್ಕಮೇಲೆ ಅದೇ ತಾಣದಲ್ಲಿ ಅನ್‌ಬ್ಲಾಕ್ ಮಾಡಿಸಬೇಕು ಮತ್ತೆ.

ಮನೆಯವರನ್ನು ಟ್ರ್ಯಾಕ್ ಮಾಡುವ ವಿಷಯ. ಮಗಳು ಕಾಲೇಜಿಗೆ ಹೋಗುವವಳು, ಹದಿನೆಂಟು ದಾಟಿರಬೇಕು. ಅವಳಿಗೆ ಗೊತ್ತಿಲ್ಲದೆ ಏನೂ ಹಾಕಬೇಡಿ. ಗಂಡ ಹೆಂಡತಿ ವಿಷಯದಲ್ಲೂ ಇದೇ ಮಾತು. ಒಬ್ಬ ಹೆಣ್ಣುಮಗಳ ಇಂಟರ್ನೆಟ್, ಇಮೇಲ್ ಅಥವಾ ಬೇರೆ ಎಲೆಕ್ಟ್ರಾನಿಕ್ ಸಂವಹನದ ಮೇಲೆ ಗಂಡಸು ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಹಿಂಬಾಲಿಸುವ ಅಪರಾಧ. ಗುಟ್ಟಾಗಿ ಕೂತು ಮೆಸೇಜು ಓದುವ ಆ್ಯಪ್‌ಗಳು ಮಾಡುವುದು ಅದನ್ನೇ.

ಲೊಕೇಶನ್ ಬಗ್ಗೆ ನಮ್ಮ ಸುಪ್ರೀಂ ಕೋರ್ಟೇ ಒಂದು ಮಾತು ಹೇಳಿದೆ. ದೆಹಲಿ ಹೈಕೋರ್ಟ್ ಒಬ್ಬ ನೈಜೀರಿಯಾದ ಆರೋಪಿಗೆ ಜಾಮೀನು ಕೊಡುವಾಗ, ತನಿಖಾಧಿಕಾರಿಗೆ ಕಾಣುವಂತೆ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿಡಬೇಕು ಅಂತ ಷರತ್ತು ಹಾಕಿತ್ತು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಸದಾ ಕಣ್ಣಿಡುವಂಥ ಷರತ್ತು ಖಾಸಗಿತನದ ಹಕ್ಕಿಗೆ ಧಕ್ಕೆ ಅಂದಿತು. ಪಿನ್ನಿನಿಂದ ಆ ಮನುಷ್ಯನನ್ನು ನೇರವಾಗಿ ಟ್ರ್ಯಾಕ್ ಮಾಡಲು ಆಗುವುದಿಲ್ಲ ಅಂತ ಗೂಗಲ್‌ನವರೂ ಕೋರ್ಟಿಗೆ ತಿಳಿಸಿದ್ದರು. ಆ ಪೀಠದ ನೇತೃತ್ವ ವಹಿಸಿದ್ದವರು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದದ್ದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯ ಮೇಲೆ. ಆರೋಪಿಗೇ ಅಷ್ಟು ಹಕ್ಕಿದ್ದರೆ ಮಗಳಿಗೆ ಇಲ್ಲವೇನ್ರಿ?

ಹಾಸ್ಟೆಲ್_ರೂಮ್_ನಂಬರ್ — ಶನಿವಾರ ರಾತ್ರಿ 9:05

ವಕೀಲ ಅಂಕಲ್‌ಗೆ ದೊಡ್ಡ ಥ್ಯಾಂಕ್ಸ್. ಮಗಳ ಕಡೆಯಿಂದ ನಾನು ಹೇಳುತ್ತೇನೆ. ನಾನೂ ಮಂಗಳೂರಿನಲ್ಲಿ ಹಾಸ್ಟೆಲ್‌ನಲ್ಲಿರುವವಳು, ಮನೆ ಬೆಂಗಳೂರು.

ಮೊದಲು ನಮ್ಮಮ್ಮ ಒಂದು ಆ್ಯಪ್ ಹಾಕಿಸಿದ್ದರು. ದಿನವಿಡೀ ನನ್ನ ಚುಕ್ಕೆ ನೋಡುವುದೇ ಅವರ ಕೆಲಸ. ‘ಲೈಬ್ರರಿ ಅಂದೆ, ಕ್ಯಾಂಟೀನ್ ತೋರಿಸುತ್ತಿದೆ’ ಅಂತ ಫೋನ್. ಎರಡೂ ಒಂದೇ ಕಟ್ಟಡ! ಒಂದು ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದಮೇಲೆ ಸಿಗ್ನಲ್ ಇಲ್ಲ, ಚುಕ್ಕೆ ಅಲ್ಲೇ ನಿಂತುಬಿಟ್ಟಿದೆ. ನಾನು ನಿದ್ದೆಯಲ್ಲಿದ್ದೇನೆ. ಅಮ್ಮ ಅಪ್ಪನನ್ನು ಎಬ್ಬಿಸಿ, ಕಾಡಿನ ಮಧ್ಯೆ ಬಸ್ ನಿಂತಿದೆ ಅಂತ ಗಲಾಟೆ. ಗುಂಡ್ಯ ದಾಟಿ ಸಿಗ್ನಲ್ ಬಂದಾಗ ಇಪ್ಪತ್ತಕ್ಕಿಂತ ಜಾಸ್ತಿ ಮಿಸ್ಡ್ ಕಾಲ್. ಪಕ್ಕದ ಸೀಟಿನವರೂ ಎದ್ದರು.

ಈಗ ನಮ್ಮ ಒಪ್ಪಂದ ಹೀಗೆ. ರಾತ್ರಿ ಪ್ರಯಾಣ ಇದ್ದರೆ ನಾನೇ ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಎಂಟು ಗಂಟೆಗೆ ಹಾಕುತ್ತೇನೆ. ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಅಂತ ಮೂರೇ ಆಯ್ಕೆ, ಮುಗಿದಮೇಲೆ ತಾನಾಗೇ ನಿಲ್ಲುತ್ತದೆ. ಎಂಡ್ ಟು ಎಂಡ್ ಎನ್‌ಕ್ರಿಪ್ಟ್ ಆಗಿರುತ್ತದೆ. ಆಟೋದಲ್ಲಿ ಒಬ್ಬಳೇ ಇದ್ದರೂ ಹಾಕುತ್ತೇನೆ. ಉಳಿದ ಹೊತ್ತಿನಲ್ಲಿ ಕೇಳಬೇಡಿ ಅಂದಿದ್ದೇನೆ. ಕೇಳುತ್ತಾರೆ, ಆದರೆ ಕಮ್ಮಿ.

ಫ್ಯಾಮಿಲಿ_ಸರ್ಕಲ್ — ಶನಿವಾರ 9:40

ನನ್ನ ಮಗನಿಗೆ ಹನ್ನೆರಡು ವರ್ಷ. ಅವನಿಗೆ ಒಪ್ಪಂದ ಗಿಪ್ಪಂದ ಎಲ್ಲ ನಡೆಯುವುದಿಲ್ಲ.

ಹಾಸ್ಟೆಲ್_ರೂಮ್_ನಂಬರ್ — ಶನಿವಾರ 9:52

ಹನ್ನೆರಡು ಸರಿ ಅಂಕಲ್. ಆದರೆ ಅದಕ್ಕೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಪುಕ್ಕಟೆ ಇದೆ, ಐಫೋನ್ ಆದರೆ ಫ್ಯಾಮಿಲಿ ಶೇರಿಂಗ್. ಅವನಿಗೆ ಇಪ್ಪತ್ತಾದಾಗ ನೆನಪಿಟ್ಟು ತೆಗೆಯಿರಿ, ಪ್ಲೀಸ್.

ನ್ಯೂಜೆರ್ಸಿ_ನಾಗರತ್ನ — ಭಾನುವಾರ ಬೆಳಿಗ್ಗೆ 6:15

ಇಲ್ಲಿಂದಲೇ ನಮ್ಮಮ್ಮನ ಫೋನ್ ನೋಡಿಕೊಳ್ಳುತ್ತೇನೆ, ಅವರು ಹಾಸನದಲ್ಲಿ ಒಬ್ಬರೇ. ಫೈಂಡ್ ಹಬ್ ನಮಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಮ್ಯಾಪಿಗಲ್ಲ, ಸದ್ದಿಗೆ. ಸೈಲೆಂಟ್ ಆಗಿದ್ದರೂ ಐದು ನಿಮಿಷ ಪೂರ್ತಿ ದನಿಯಲ್ಲಿ ಬಾರಿಸುತ್ತದೆ. ಅಮ್ಮ ಲ್ಯಾಂಡ್‌ಲೈನಿನಿಂದ ‘ಫೋನ್ ಕಾಣಿಸ್ತಿಲ್ಲ ಕಣೇ’ ಅಂತ ಹೇಳುತ್ತಾರೆ, ನಾನು ಇಲ್ಲಿಂದ ಒತ್ತುತ್ತೇನೆ. ಅಕ್ಕಿ ಡಬ್ಬಿಯ ಮೇಲೆ, ದೇವರ ಮನೆಯಲ್ಲಿ, ಒಮ್ಮೆ ಫ್ರಿಜ್ಜಿನ ಒಳಗೆ. ಅವರ ಅಕೌಂಟ್ ನನ್ನ ಒಂದು ಹಳೇ ಫೋನಿನಲ್ಲಿ ಲಾಗಿನ್ ಇದೆ, ಅವರ ಒಪ್ಪಿಗೆಯಿಂದ. ಟೂ ಸ್ಟೆಪ್ ಕೋಡಿನ ಪರದಾಟವೂ ಇದರಿಂದ ತಪ್ಪಿತು.

ತುಂಗಾತೀರ — ಭಾನುವಾರ 8:20

ಎಲ್ಲರಿಗೂ ಧನ್ಯವಾದ. ಫೋನ್ ಕಳುವಿನ ಭಾಗ ಸ್ಪಷ್ಟ ಆಯಿತು. ಮಗಳಿಗೆ ಈ ಚರ್ಚೆಯನ್ನೇ ಕಳಿಸಿದೆ, ‘ಹಾಸ್ಟೆಲ್ ಅಕ್ಕ ಹೇಳಿದ್ದೇ ಫೈನಲ್’ ಅಂದಳು. ಉಳಿದದ್ದು ಅಪ್ಪ. ಎಷ್ಟೋ ಸಲ ಫೋನನ್ನೇ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಕೀಗೊಂಚಲಿಗೆ ಹಾಕುವ ಸಣ್ಣ ಟ್ರ್ಯಾಕರ್, ಆಪಲ್‌ನ ಏರ್‌ಟ್ಯಾಗ್ ಥರದ್ದು ಜೇಬಿಗೆ ಹಾಕಿದರೆ?

ಸೆಟ್ಟಿಂಗ್ಸ್_ಸಾವಿತ್ರಿ — ಭಾನುವಾರ 9:30

ಏರ್‌ಟ್ಯಾಗ್ ಶುರು ಮಾಡಲು ಐಫೋನ್ ಅಥವಾ ಐಪ್ಯಾಡ್ ಬೇಕು, ನಿಮ್ಮದು ಆಂಡ್ರಾಯ್ಡ್. ನಿಮಗಾದರೆ ಫೈಂಡ್ ಹಬ್‌ಗೆ ಹೊಂದುವ ಜಿಯೋಟ್ಯಾಗ್ ಗೋ, ಮೋಟೋ ಟ್ಯಾಗ್ ಥರದ್ದು. ಆದರೆ ಟ್ಯಾಗಿನಲ್ಲಿ ಜಿಪಿಎಸ್ಸೂ ಇಲ್ಲ, ಸಿಮ್ಮೂ ಇಲ್ಲ. ಯಾರದಾದರೂ ಫೋನ್ ಹತ್ತಿರ ಬಂದಾಗ ಮಾತ್ರ ಜಾಗ ಗೊತ್ತಾಗುತ್ತದೆ. ಪೇಟೆಯಲ್ಲಿ ಸಿಗಬಹುದು, ಹೊಳೆ ದಂಡೆಯ ಕಡೆ ಹೋದರೆ ಸಿಗದೇ ಇರಬಹುದು. ತಾವು ಇದನ್ನು ಮಾಡಿರುವುದು ವಸ್ತುಗಳಿಗೆ, ಮನುಷ್ಯರಿಗಲ್ಲ ಅಂತ ಆಪಲ್‌ನವರೇ ಹೇಳುತ್ತಾರೆ. ಇನ್ನೊಂದು ಕಿರಿಕಿರಿ: ನಿಮ್ಮ ಹೆಸರಿನ ಟ್ಯಾಗ್ ಅಪ್ಪನ ಜೊತೆ ಓಡಾಡಿದರೆ, ಅವರ ಫೋನ್ ‘ಅಪರಿಚಿತ ಟ್ರ್ಯಾಕರ್ ನಿಮ್ಮ ಜೊತೆ ಬರುತ್ತಿದೆ’ ಅಂತ ಎಚ್ಚರಿಸಬಹುದು. 2024ರ ಮೇ ತಿಂಗಳಿಂದ ಆಪಲ್, ಗೂಗಲ್ ಎರಡೂ ಸೇರಿ ಇದನ್ನು ತಂದಿವೆ. ಅವರು ಗಾಬರಿಯಾದಾರು.

ನಿಮಗೆ ದುಡ್ಡು ಖರ್ಚು ಮಾಡುವಂಥ ಜಾಗ ಇದೊಂದೇ ಅನ್ನಿಸುತ್ತದೆ. ಸಿಮ್ ಹಾಕುವ ಜಿಪಿಎಸ್ ವಾಚ್, ಎಸ್‌ಒಎಸ್ ಬಟನ್ ಇರುವಂಥದ್ದು. ಮನೆಯ ಸುತ್ತ ಒಂದು ಗಡಿ ಗುರುತು ಮಾಡಿ, ದಾಟಿದರೆ ಅಲರ್ಟ್ ಬರುವ ಹಾಗೆ ಇಡಬಹುದು. ರಾತ್ರಿ ಚಾರ್ಜಿಗೆ ಹಾಕುವ ಕೆಲಸ ನಿಮ್ಮದು. ಕೊಳ್ಳುವ ಮೊದಲು ಆ ಕಂಪನಿಯ ಆ್ಯಪ್ ಯಾವಾಗ ಕೊನೆಗೆ ಅಪ್‌ಡೇಟ್ ಆಗಿದೆ ನೋಡಿ, ಸರ್ವರ್ ಮುಚ್ಚಿದರೆ ವಾಚ್ ಬರೀ ವಾಚ್ ಆಗುತ್ತದೆ.

ನ್ಯೂಜೆರ್ಸಿ_ನಾಗರತ್ನ — ಭಾನುವಾರ 10:10

ವಾಚ್ ಕಟ್ಟಿಕೊಳ್ಳಲು ಒಪ್ಪುವುದು ಇನ್ನೊಂದು ಯುದ್ಧ. ನಮ್ಮ ಮಾವ ಹಳೇ ಎಚ್‌ಎಂಟಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅಪ್ಪನ ಅಂಗಿಯ ಜೇಬಿನಲ್ಲಿ ಹೆಸರು ಮತ್ತು ನಿಮ್ಮ ನಂಬರ್ ಬರೆದ ಚೀಟಿಯನ್ನು ಲ್ಯಾಮಿನೇಟ್ ಮಾಡಿಸಿ ಇಡಿ. ವಾಕಿಂಗ್ ದಾರಿಯ ಹಾಲಿನ ಬೂತು, ಅಂಗಡಿಯವರಿಗೂ ನಂಬರ್ ಕೊಟ್ಟಿರಿ. ಕಾಣೆಯಾದರು ಅನ್ನಿಸಿದರೆ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ. ಮರೆವು ಜಾಸ್ತಿ ಅಂದಿರಲ್ಲ, ಒಮ್ಮೆ ಡಾಕ್ಟರಿಗೂ ತೋರಿಸಿ.

ತುಂಗಾತೀರ — ಭಾನುವಾರ 11:45

ಚೀಟಿ ಇವತ್ತೇ ಮಾಡಿಸುತ್ತೇನೆ ಮೇಡಂ. ವಾಚ್ ಬಗ್ಗೆ ಅಪ್ಪನನ್ನೇ ಕೇಳುತ್ತೇನೆ. ಕೊನೆಯದಾಗಿ ಒಂದು ಸಣ್ಣ ಪ್ರಶ್ನೆ. ಅಪ್ಪನ ಫೋನಿನ ಬಿಲ್ಲೂ ಇಲ್ಲ, ಡಬ್ಬಿಯೂ ಇಲ್ಲ. ಕಳೆದರೆ ಐಎಂಇಐ ಎಲ್ಲಿಂದ ತರುವುದು?

ಎಸ್‌ಪಿ_ರೋಡ್_ಸೀನ — ಭಾನುವಾರ 12:30

ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ, ಎರಡು ಸಿಮ್ ಫೋನಿಗೆ ಎರಡು ನಂಬರ್ ಬರುತ್ತವೆ, ಎರಡನ್ನೂ ಬರೆದುಕೊಳ್ಳಿ. ಕಳೆದಮೇಲೆ ಆದರೆ ಫೈಂಡ್ ಹಬ್‌ನಲ್ಲಿ ಫೋನಿನ ಹೆಸರಿನ ಹತ್ತಿರ ಇರುವ ಮಾಹಿತಿ ಗುರುತು ಒತ್ತಿದರೆ ಐಎಂಇಐ ಕಾಣುತ್ತದೆ. ಆಪಲ್ ಆದರೆ ಅಕೌಂಟ್ ಪುಟದಲ್ಲಿ ಡಿವೈಸ್ ಹೆಸರಿನ ಕೆಳಗೆ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಬಿಲ್ ಆರ್ಡರ್‌ಗಳ ಪಟ್ಟಿಯಲ್ಲಿ ಇರುತ್ತದೆ, ಹುಡುಕಿ.

ಹಾಗೇ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೆವೈಎಂ ಅಂತ ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು, 15 ಅಂಕಿಯ ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಬ್ಲಾಕ್ ಆಗಿದ್ದರೆ ಗೊತ್ತಾಗುತ್ತದೆ. ಮಾರುವವನು ನಿಮ್ಮ ಎದುರಿಗೇ ಅಕೌಂಟ್ ತೆಗೆದು ರೀಸೆಟ್ ಮಾಡಿ ಕೊಡಲಿ. ‘ಪಾಸ್‌ವರ್ಡ್ ಆಮೇಲೆ ಕಳಿಸುತ್ತೇನೆ’ ಅಂದರೆ ಆ ಫೋನ್ ಬೇಡ.